ಆ ಎರಡು ವರ್ಷ ತೆಗೆದು ನೋಡು

ಬೀಳಗಿ ತಾಲೂಕು
ಜುಲೈ 2014, ಭಾನುವಾರ

ಯಶಿ,

ಮೇಲೆ ‘ಪ್ರೀತಿಯ’ ಎಂದು ಬರೆದು ಎರಡು ಹಾಳೆ ಹರಿದು ಹಾಕಿದೆ. ಮೂರು ವರ್ಷ ಮಾತು ಬಿಟ್ಟವಳಿಗೆ ಆ ಪದವನ್ನು ಅಷ್ಟು ಸುಲಭವಾಗಿ ಬರೆಯುವ ಧೈರ್ಯ ಬರಲಿಲ್ಲ. ಹೆಸರು ಮಾತ್ರ ಉಳಿಸಿಕೊಂಡಿದ್ದೇನೆ. ಮಿಕ್ಕಿದ್ದನ್ನು ಪತ್ರ ಓದಿದ ಮೇಲೆ ನೀನೇ ಸೇರಿಸಿಕೋ, ಬೇಡವೆನಿಸಿದರೆ ಬಿಡು.

ಮೊನ್ನೆ ಗುರುವಾರ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆಗೆ ನೀನು ಬರುತ್ತೀಯೆಂದು ನಾನು ಎಣಿಸಿರಲಿಲ್ಲ. ನೀನು ಬಂದೆ, ಕೊನೆಯ ಸಾಲಿನಲ್ಲಿ ಕೂತೆ, ಎದ್ದು ಒಂದು ಪ್ರಶ್ನೆ ಕೇಳಿದೆ, ಬಸ್ಸಿಗೆ ಹೊತ್ತಾಯಿತೆಂದು ಹೊರಟೂ ಹೋದೆ. ನಿನಗೆ ಹೇಳಬೇಕಾದದ್ದು ನಾನು ಅಲ್ಲಿ ಹೇಳಿದ ಎರಡು ವಾಕ್ಯಗಳಿಗಿಂತ ಬಹಳ ಹೆಚ್ಚಿತ್ತು. ಅದಕ್ಕೇ ಈ ಪತ್ರ. ಇದರಲ್ಲಿ ನಿನಗೆ ಗೊತ್ತಿರುವುದೂ ಬರುತ್ತದೆ. ಮೊದಲಿನಿಂದ ಹೇಳದಿದ್ದರೆ ನಾನು ಎಲ್ಲಿ ಜಾರಿದೆ ಎನ್ನುವುದನ್ನು ಮತ್ತೆ ಜಾಣತನದಿಂದ ಮುಚ್ಚಿಬಿಡುತ್ತೇನೆ. ಆ ಜಾಣತನ ನನಗೆ ಸಾಕಾಗಿದೆ.

ನಾವಿಬ್ಬರೂ ಜಮಖಂಡಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿಯರಾಗಿ ಸೇರಿದ್ದು 2009ರಲ್ಲಿ. ನಿನ್ನದು ತುಬಚಿ ಕಡೆಯಿಂದ ಬಂದು ಜಮಖಂಡಿಯಲ್ಲಿ ನೆಲೆಸಿದ ನೌಕರಿಯವರ ಮನೆ. ನಿನ್ನ ಅಪ್ಪ ಹೊಳೆಪ್ಪ ಕಾಕಾ ನೀರಾವರಿ ಇಲಾಖೆಯಿಂದ ಸಂಜೆ ಐದೂವರೆಗೆ ಬಂದು, ಸೈಕಲ್ಲು ಒರೆಸಿಟ್ಟು, ಆಮೇಲೆಯೇ ಒಳಗೆ ಬರುತ್ತಿದ್ದರು. ನಮ್ಮದು ಬೀರೇಶ್ವರನ ಒಕ್ಕಲಾದ ಕುರಿಗಾರರ ಮನೆ. ಆಲಮಟ್ಟಿಯ ಹಿನ್ನೀರಿಗೆ ಊರು ಹೋದ ಮೇಲೆ ಬಾಡಗಂಡಿ ಕಡೆಯ ಪುನರ್ವಸತಿ ಕೇಂದ್ರಕ್ಕೆ ಬಂದವರು. ಇಬ್ಬರೂ ಶಿದ್ರಾಮಪ್ಪ ಸರ್ ಅವರ ಮಾರ್ಗದರ್ಶನದಲ್ಲೇ ಸಂಶೋಧನೆಗೆ ಹೆಸರು ಹಚ್ಚಿದೆವು. ನೀನು ರಬಕವಿ-ಬನಹಟ್ಟಿಯ ಸೀರೆ ವ್ಯಾಪಾರವನ್ನು ಆರಿಸಿಕೊಂಡೆ. ನಾನು ಆರಿಸಿಕೊಂಡದ್ದು ಯುರೋಪಿನ ಶೇರು ಪೇಟೆಗಳನ್ನು: ಅವು ಕಾಲ ಕಳೆದಂತೆ ಒಂದಕ್ಕೊಂದು ಎಷ್ಟು ಬೆರೆಯುತ್ತಿವೆ, ಅದನ್ನು ಅಳೆಯುವುದು ಹೇಗೆ.

ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕಿದ್ದರು. “ಜರ್ಮನಿ ಶೇರಿಗೂ ಬೀಳಗಿಗೂ ಏನ್ ಸಂಬಂಧ್ರಿ ಮೇಡಮ್?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಚಹಾಕ್ಕೆ ಎದ್ದು ಹೋಗಿದ್ದರು. ನೀನೊಬ್ಬಳೇ “ಯಾಕ ಅದ ಬೇಕು ನಿನಗ?” ಎಂದು ಕೇಳಿ ಉತ್ತರಕ್ಕೆ ಕಾದವಳು. ನಾನು ಹೇಳಿದ್ದೆ: ನನಗೆ ಹನ್ನೆರಡು ವರ್ಷವಿದ್ದಾಗ, 1997ರ ಸುಮಾರಿಗೆ, ಮೂರು ಮುಳುಗಡೆ ಊರುಗಳನ್ನು ತಂದು ಒಂದೇ ಬಯಲಲ್ಲಿ ಕೂಡಿಸಿದರು. ಒಂದೇ ಬೋರ್ಡು, ಒಂದೇ ಹೆಸರು. ಆದರೆ ಯಾವೂರು ಎಂದು ಕೇಳಿದರೆ ವರ್ಷಗಟ್ಟಲೆ ಮಂದಿ ತಮ್ಮ ಹಳೆಯ ಊರಿನ ಹೆಸರನ್ನೇ ಹೇಳುತ್ತಿದ್ದರು. ಬೇರೆ ಬೇರೆಯಾಗಿದ್ದವು ಖರೆವಾಗಿ ಒಂದಾದದ್ದು ಯಾವಾಗ ಎಂದು ಹೊರಗಿನವರಿಗೆ ಗೊತ್ತಾಗುವುದು ಹೇಗೆ ಎಂಬ ಪ್ರಶ್ನೆ ಅಂದಿನಿಂದ ತಲೆಯಲ್ಲಿ ಕೂತಿತ್ತು. 1999ರಲ್ಲಿ ಯುರೋಪಿನ ಹನ್ನೊಂದು ದೇಶಗಳು ಒಂದೇ ನಾಣ್ಯಕ್ಕೆ ಒಪ್ಪಿದವು, ಎರಡು ವರ್ಷದ ಮೇಲೆ ಗ್ರೀಸ್ ಸೇರಿ ಹನ್ನೆರಡಾದವು. ಪೇಪರಿನವರು ಇನ್ನು ಅದು ಒಂದೇ ಪೇಟೆ ಎಂದು ಬರೆದರು. ಬೋರ್ಡು ಬದಲಾದದ್ದೋ, ಪೇಟೆ ಬೆರೆತದ್ದೋ? ನಮ್ಮ ಊರಿನದನ್ನು ಯಾರೂ ಬರೆದಿಟ್ಟಿರಲಿಲ್ಲ, ಅವರದು ದಿನದಿನದ ಅಂಕಿಗಳಲ್ಲಿ ಬರೆದಿಟ್ಟಿತ್ತು. ನೀನು ಇಷ್ಟನ್ನೂ ಕೇಳಿ, “ಹಂಗಾರ ಮಾಡು. ನಮ್ಮನಿ ಕಂಪ್ಯೂಟರ್ ಐತಿ” ಎಂದೆ.

ಎರಡು ವರ್ಷ ನಿಮ್ಮ ಮನೆಯ ಪಡಸಾಲೆಯಲ್ಲಿ ಆ ಕಂಪ್ಯೂಟರಿನ ಮುಂದೆ ಕೂತೆ. ನೆಟ್ ಸೆಂಟರಿನಿಂದ ಅಂಕಿಗಳನ್ನು ತರುವುದು, ಕರೆಂಟು ಹೋದರೆ ಮತ್ತೆ ಮೊದಲಿನಿಂದ ಹಚ್ಚುವುದು. ನನ್ನ ಅಳತೆ ಸರಳವಾಗಿತ್ತು. ಪ್ಯಾರಿಸ್ ಪೇಟೆ ಏರಿದ ದಿನ ಮ್ಯಾಡ್ರಿಡ್ ಏರಿತೇ, ಇಳಿದ ದಿನ ಇಳಿಯಿತೇ? ಎರಡರದೂ ಒಂದೇ ಹೆಜ್ಜೆಯಾದರೆ ಸಂಖ್ಯೆ ಒಂದಕ್ಕೆ ಹತ್ತಿರ, ಸಂಬಂಧವೇ ಇಲ್ಲದಿದ್ದರೆ ಸೊನ್ನೆಗೆ ಹತ್ತಿರ. ಹನ್ನೆರಡೂ ದೇಶಗಳಿಗೆ ವರ್ಷದಿಂದ ವರ್ಷಕ್ಕೆ ಆ ಸಂಖ್ಯೆ ತೆಗೆದು ಗೆರೆ ಎಳೆದೆವು. ಗೆರೆ ಮೆಲ್ಲಗೆ ಏರಿತು. 2008ಕ್ಕೆ ಬಂದಾಗ ಒಮ್ಮೆಲೇ ನೆಗೆದು ಸೊನ್ನೆ ಬಿಂದು ಒಂಬತ್ತನ್ನು ಮುಟ್ಟಿತು. ನಾನು ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದ್ದೆ. ನಿಮ್ಮವ್ವ ಅಡುಗೆಮನೆಯಿಂದ ಹೊರಬಂದು ಲಗ್ನ ಯಾರದು ಎಂದು ಕೇಳಿದ್ದರು.

2011ರ ಸಂಕ್ರಾಂತಿಯ ರಜೆಗೆ ನೀನು ನಮ್ಮ ಮನೆಗೆ ಬಂದೆ. ಕಾಲುವೆ ಬಂದು ಎಲ್ಲೆಲ್ಲೂ ಕಬ್ಬಾಗಿ ಕುರಿ ಮೇಯಿಸುವ ಬಯಲು ಕರಗಿತ್ತು. ನಮ್ಮ ಅಜ್ಜ, ಹಾಲಸಿದ್ದಪ್ಪ ಮುತ್ಯಾ, ತನ್ನ ಹಿಂಡನ್ನೂ ತನ್ನ ತಮ್ಮನ ಹಿಂಡನ್ನೂ ಕೂಡಿಸಿ ಒಂದೇ ಹಟ್ಟಿ ಮಾಡಿದ್ದ. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ನೀನು ಹೊರಗೆ ಅವನ ಹತ್ತಿರ ಕೂತು, ಈಗ ಎಲ್ಲಾ ಒಂದೇ ಹಿಂಡೇನು ಎಂದು ಕೇಳಿದೆ. ಮುತ್ಯಾ ಹೇಳಿದ್ದು ನನಗೆ ಒಲೆಯ ಮುಂದೆ ಕೇಳಿಸಿತ್ತು.

“ಎಲ್ಲಿ ಬೇ ಯವ್ವಾ! ಅವನ ಕುರಿ ಅವನ ಬದಿಗೆ ಮೇಯತಾವು, ನಮ್ಮವು ನಮ್ಮ ಬದಿಗೆ. ತ್ವಾಳ ಬಂತಂದ್ರ ಎಲ್ಲಾ ಕೂಡಿ ಒಂದ ದಿಕ್ಕಿಗೆ ಓಡತಾವು. ಅವತ್ತಿಂದು ನೋಡಿ ಕೂಡ್ಯಾವು ಅಂತ ತಿಳಕೊಂಡ್ರ ನಾವು ಕೆಟ್ಟಿವಿ. ಸುಮ್ಮನ ಮೇಯೂ ದಿನ ನೋಡಬೇಕು.”

ನಾನು ಹುಟ್ಟಿದಾಗಿನಿಂದ ಮುತ್ಯಾನ ಇಂಥ ಮಾತು ಕೇಳುತ್ತ ಬೆಳೆದವಳು. ಹಾಗಾಗಿ ಕೇಳಿಯೂ ಕೇಳದಂತೆ ರೊಟ್ಟಿ ಬಡಿದೆ. ನೀನು ಕೇಳಿಸಿಕೊಂಡೆ. ಮರುದಿನ ಲೋಕಾಪುರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸುವಾಗ ನನ್ನ ಕೈ ಹಿಡಿದು ನಿಲ್ಲಿಸಿದೆ.

“ರೇಷ್ಮಾ, ನಿನ್ನ ಗೆರಿ ಸರಿ ಇಲ್ಲ ಬೇ. 2008ರಾಗ ಅಮೆರಿಕಾದ ಬ್ಯಾಂಕ್ ಮುಳುಗಿದ್ವು, ಎಲ್ಲಾ ಪೇಟಿ ಅಂಜಿ ಕೂಡೇ ಬಿದ್ದಾವು. ಅಂಜಿ ಓಡಿದ್ದನ್ನ ನೀ ಕೂಡಿದ್ದು ಅಂತ ಬರದಿ. ಆ ಎರಡು ವರ್ಷ ತಗದು ನೋಡು.”

ನಾನು ನಕ್ಕು ಆಯಿತೆಂದೆ. ಒಳಗೆ ಮಾತ್ರ ಕುದಿಯಿತು. ನಿನಗದು ಗೊತ್ತಾಗಿರಲಿಲ್ಲ. ಇದನ್ನು ಓದುವಾಗ ಮುಂದಿನ ಸಾಲಿನಲ್ಲಿ ಸ್ವಲ್ಪ ನಿಲ್ಲು ಯಶಿ, ಏಕೆಂದರೆ ಇದನ್ನು ನಾನು ನಿನಗೆ ಎಂದೂ ಹೇಳಿಲ್ಲ.

ನಾನು ತೆಗೆದು ನೋಡಿದೆ.

ನಾಲ್ಕು ದಿನದ ಮೇಲೆ, ಮಧ್ಯಾಹ್ನ ಕ್ಲಾಸು ಇಲ್ಲದ ಹೊತ್ತಿಗೆ, ಕಾಲೇಜಿನ ಕಂಪ್ಯೂಟರಿನಲ್ಲಿ 2008, 2009ನ್ನು ತೆಗೆದು ಮತ್ತೆ ಗೆರೆ ಎಳೆದೆ. ಅದು ಸೊನ್ನೆ ಬಿಂದು ಆರರ ಹತ್ತಿರ ನಿಂತುಬಿಟ್ಟಿತು. ಪೇಟೆಗಳು ಬೆರೆಯುತ್ತಿದ್ದದ್ದು ನಿಜ, ಆದರೆ ನಾನು ಬರೆದಷ್ಟು ಅಲ್ಲ. ಸಮ್ಮೇಳನಕ್ಕೆ ಪ್ರಬಂಧ ಕಳಿಸಲು ಮೂರು ದಿನ ಉಳಿದಿತ್ತು. ಫೈಲನ್ನು ಉಳಿಸದೆ ಮುಚ್ಚಿದೆ. ಉಳಿಸಲೇ ಎಂದು ಕಂಪ್ಯೂಟರು ಕೇಳಿತು, ಬೇಡ ಎನ್ನುವುದನ್ನು ಒತ್ತಿದೆ. ಹಳೆಯ ಪ್ರಬಂಧವನ್ನೇ ಕಳಿಸಿದೆ. ಅದಕ್ಕೆ ಬಹುಮಾನವೂ ಬಂತು.

ಆಮೇಲಿನದು ನಿನಗೆ ಗೊತ್ತು. ಶಿದ್ರಾಮಪ್ಪ ಸರ್ ಖುಷಿಯಿಂದ ಇಬ್ಬರನ್ನೂ ಕೋಣೆಗೆ ಕರೆದು ಪೇಢೆ ಕೊಟ್ಟರು. ಪ್ರಬಂಧವನ್ನು ಅಚ್ಚಿಗೆ ಕಳಿಸುತ್ತೇನೆ ಎಂದರು. ಆಗ ನೀನು ತಗ್ಗಿದ ದನಿಯಲ್ಲಿ, “ಸರ್, ಛಾಪಾ ಆಗೂ ಮೊದಲ ಆ ಎರಡು ವರ್ಷದ್ದೊಂದು ಸಲ ನೋಡ್ರಿ. ಅದು ಅಂಜಿಕಿ ಇರಬಹುದು, ಬೆರತದ್ದಲ್ಲ” ಎಂದೆ. ಸರ್ ಪೇಢೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು.

“ರೇಷ್ಮಾ, ನೀ ಇದನ್ನ ನೋಡೀ ಏನು?”

“ನೋಡೇನ್ರಿ ಸರ್. ಏನೂ ಫರಕ ಇಲ್ರಿ.”

ಐದು ಶಬ್ದ. ಸುಮ್ಮನಿದ್ದಿದ್ದರೆ ಹೇಡಿತನ ಎನ್ನಬಹುದಿತ್ತು. ಇದು ಹಸಿ ಸುಳ್ಳು. ಸರ್ ನಿನಗೆ, “ಗೆಳತಿ ಮುಂದ ಹೋದ್ರ ಹೊಟ್ಟಿ ಉರಕೋಬಾರದವ್ವಾ” ಎಂದರು. ನೀನು ಅವರನ್ನು ನೋಡಲೇ ಇಲ್ಲ. ನನ್ನನ್ನೇ ನೋಡಿದೆ. ಸಿಟ್ಟು ಇರಲಿಲ್ಲ ಆ ಮುಖದಲ್ಲಿ. ಗುರುತು ಹಿಡಿಯಲಾಗದವರನ್ನು ನೋಡುವಂತೆ ನೋಡಿ, ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದೆ.

ಜೂನಿನಲ್ಲಿ ನೀನು ಸಂಶೋಧನೆ ಬಿಟ್ಟು ಬನಹಟ್ಟಿಯ ಹೈಸ್ಕೂಲಿಗೆ ಸೇರಿದೆ ಎಂದು ಕೇಳಿದೆ. ಮುಂದಿನ ವರ್ಷ ನಿನ್ನ ಮದುವೆಯ ಕಾರ್ಡು ಬಂತು. ವಿಳಾಸ ಹೊಳೆಪ್ಪ ಕಾಕಾನ ಅಕ್ಷರದಲ್ಲಿತ್ತು, ಹೆಸರಿನ ಮುಂದೆ ‘ಮಗಳು’ ಎಂದು ಬರೆದಿದ್ದರು. ನೀನು ಅವರಿಗೇನೂ ಹೇಳಿಲ್ಲ ಎನ್ನುವುದು ಆಗ ತಿಳಿಯಿತು. ನಾನು ಬರಲಿಲ್ಲ. ಮುತ್ಯಾ ಮಾತ್ರ ಆಗಾಗ ಕೇಳುತ್ತಿದ್ದ: “ಆ ಜಮಖಂಡಿ ಹುಡುಗಿ ಮತ್ತ ಬರಲೇ ಇಲ್ಲಲ್ಲ?” ಕೆಲಸ ಇರತೈತಿ ಮುತ್ಯಾ, ಎನ್ನುತ್ತಿದ್ದೆ.

ಒಂದು ಸುಳ್ಳು ಹೇಳಿ ಮುಗಿಸಿದರೆ ಮುಗಿಯಿತು ಎಂದುಕೊಂಡಿದ್ದೆ. ಆ ಪ್ರಬಂಧದ ವಿಷಯ ಯಾರಾದರೂ ತೆಗೆದರೆ ಸಾಕು, ಮಾತನ್ನು ಬೇರೆ ಕಡೆ ತಿರುಗಿಸುತ್ತಿದ್ದೆ. ಹೊಗಳಿದವರನ್ನು ಕಂಡರೆ ಇನ್ನೂ ಭಯ. ಟಿವಿಯಲ್ಲಿ ಗ್ರೀಸಿನ ಸುದ್ದಿ ಬಂದರೆ ಎದ್ದು ಹೋಗುತ್ತಿದ್ದೆ. ನಮ್ಮವ್ವ, ಅಲ್ಲಿ ನಮ್ಮ ಪೈಕಿ ಯಾರಾದರೂ ಇದ್ದಾರೇನು ಎಂದು ಒಮ್ಮೆ ಗಾಬರಿಯಿಂದ ಕೇಳಿದ್ದಳು.

2012ರ ಕೊನೆಗೆ ನಮ್ಮ ವಿಭಾಗಕ್ಕೆ ಅನಸವ್ವ ಎನ್ನುವವರು ಬಂದರು. ನೀನು ಅವರನ್ನು ನೋಡಿಲ್ಲ. ಮುಧೋಳದವರು, ನಲವತ್ತು ದಾಟಿದವರು, ಇಬ್ಬರು ಮಕ್ಕಳನ್ನು ಕಾಲೇಜಿಗೆ ಹಚ್ಚಿದ ಮೇಲೆ ತಾವು ಓದಲು ಹೊರಟವರು. ನನ್ನ ಅಧ್ಯಾಯವನ್ನೇ ಆಧಾರವಾಗಿಟ್ಟುಕೊಂಡು ಮುಂದಿನ ವರ್ಷಗಳನ್ನು ಅಳೆಯಲು ಸರ್ ಅವರಿಗೆ ಹೇಳಿದ್ದರು. ಆರು ತಿಂಗಳು ಅವರು ಅದೇ ಅಂಕಿ, ಅದೇ ದೇಶಗಳನ್ನು ಹಿಡಿದು ಕೂತರು. ಅಂಜಿಕೆ ಇಳಿದ ವರ್ಷಗಳು ಸೇರಿದಂತೆಲ್ಲ ಅವರ ಗೆರೆ ಕೆಳಗೆ ಬೀಳುತ್ತಿತ್ತು. ಒಂದು ಬೆಳಿಗ್ಗೆ ಗ್ರಂಥಾಲಯದಲ್ಲಿ ನನ್ನ ಮುಂದೆ ನೋಟುಬುಕ್ಕು ಇಟ್ಟರು. ಪುಟ ಪುಟವೂ ಹೊಡೆದು ಹಾಕಿ ಮತ್ತೆ ಬರೆದ ಲೆಕ್ಕ.

“ನಿಮಗ ಬಂದದ್ದು ನನಗ ಬರವಲ್ದ್ರಿ ಮೇಡಮ್. ನನ್ನ ತಲ್ಯಾಗ ಅಷ್ಟು ಬುದ್ಧಿ ಇಲ್ಲ ಅನಸತೈತಿ. ಮನ್ಯಾಗೂ ಹಂಗ ಅಂತಾರ. ಈ ತಿಂಗಳ ಬಿಟ್ಟಬಿಡ್ತೀನ್ರಿ.”

ಯಶಿ, ಆ ಹೆಂಗಸು ಸರಿಯಾದ ಲೆಕ್ಕವನ್ನು ಕೈಯಲ್ಲಿ ಹಿಡಿದುಕೊಂಡು ತನ್ನನ್ನು ದಡ್ಡಿ ಎಂದುಕೊಳ್ಳುತ್ತಿದ್ದಳು. ನೀನು ಬಿಟ್ಟು ಹೋದಂತೆ ಈಕೆಯೂ ಹೋಗುತ್ತಾಳೆ, ಮತ್ತೆ ನಾನೇ ಕಾರಣ ಎಂದು ಹೊಳೆದಾಗ ನನ್ನ ಬಾಯಿಂದ ಮಾತು ತಾನಾಗಿ ಬಂತು. “ನಿಮ್ಮದು ಸರಿ ಐತ್ರಿ. ತಪ್ಪು ನಂದು. ನನಗ ಮೊದಲಿಂದ ಗೊತ್ತಿತ್ರಿ.”

ಅವರು ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರು. ಕೂತು ಇಡೀ ಲೆಕ್ಕವನ್ನು ಬಿಡಿಸಿ ತೋರಿಸಿದೆ. ಮುಗಿದಾಗ ಅವರು ನನ್ನನ್ನು ಬೈಯುತ್ತಾರೆಂದು ಕಾದೆ. ಅವರು ನೋಟುಬುಕ್ಕನ್ನು ಎದೆಗೆ ಒತ್ತಿಕೊಂಡು, “ಹಂಗಾರ ನಾ ದಡ್ಡಿ ಅಲ್ಲ!” ಎಂದು ನಕ್ಕರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು.

ಅಲ್ಲಿಂದ ನೇರ ಸರ್ ಕೋಣೆಗೆ ಹೋದೆ. ತಡಮಾಡಿದರೆ ಹೋಗುವುದಿಲ್ಲ ಎಂದು ಗೊತ್ತಿತ್ತು. ನಿಂತೇ ಎಲ್ಲವನ್ನೂ ಹೇಳಿದೆ. ಸರ್ ಕೇಳಿದ್ದು ಎರಡೇ ಪ್ರಶ್ನೆ.

“ಅವತ್ತ ಯಶೋಧರಾ ಅಂದದ್ದು ಖರೆ ಇತ್ತೇನು?”

“ಖರೆ ಇತ್ರಿ.”

“ನಿನಗ ಅವತ್ತ ಗೊತ್ತಿತ್ತೇನು?”

“ಗೊತ್ತಿತ್ರಿ ಸರ್.”

ಅವರು ಕೂಗಾಡಲಿಲ್ಲ. ಕೂಡ್ರು ಎಂದರು. ಚಹಾ ತರಿಸಿದರು. ಅರ್ಧ ಕುಡಿದು ಕಪ್ಪು ಕೆಳಗಿಟ್ಟರು. “ನಾ ನಿನ್ನ ಕೇಳಿದ್ದ ತಪ್ಪಾತು. ಲೆಕ್ಕಾ ತಗದು ನಾನ ನೋಡಬೇಕಿತ್ತು. ಒಂದ ತಾಸಿನ ಕೆಲಸ. ಒಂದ ತಾಸು ಉಳಸಾಕ ಹೋಗಿ ಆ ಹುಡುಗಿ ಮನಸು ಮುರದೆ.” ಆಮೇಲೆ ಒಂದು ಹಾಳೆ ತೆಗೆದುಕೊಟ್ಟರು. ಬಹುಮಾನ ಹಿಂದಿರುಗಿಸುತ್ತೇನೆ, ಪ್ರಬಂಧ ತಪ್ಪು ಎಂದು ಸಮ್ಮೇಳನದವರಿಗೂ ಅಚ್ಚಿನವರಿಗೂ ನಾನು ಅಲ್ಲಿಯೇ ಬರೆದೆ. ಕೆಳಗೆ ಸಹಿ ಹಾಕಿದೆ. ಅಕ್ಷರ ಎಂದಿಗಿಂತ ನೆಟ್ಟಗೆ ಬಂತು.

ಕಾಯಂ ನೌಕರಿಯ ಸಂದರ್ಶನ ಆ ವರ್ಷ ನನ್ನನ್ನು ಬಿಟ್ಟು ಮುಂದೆ ಹೋಯಿತು. ವಿಭಾಗದಲ್ಲಿ ನನ್ನನ್ನು ಕಂಡರೆ ಮಾತು ನಿಲ್ಲಿಸುವವರು ಇದ್ದರು. ಅದೆಲ್ಲ ಬರುತ್ತದೆಂದು ಎರಡು ವರ್ಷ ಹೆದರಿದ್ದೆ. ಬಂದ ಮೇಲೆ ನೋಡಿದರೆ ಅಷ್ಟೇನೂ ದೊಡ್ಡದಿರಲಿಲ್ಲ.

ಎಂಟು ತಿಂಗಳು ಮತ್ತೆ ಅಳೆದೆ. ಈ ಸಲ ಏರಿಳಿತ ಜೋರಾಗಿದ್ದ ದಿನಕ್ಕೆ ಕಡಿಮೆ ತೂಕ, ಸಾದಾ ದಿನಕ್ಕೆ ಹೆಚ್ಚು ತೂಕ ಕೊಟ್ಟೆ. ಕೂಡಿ ಏರಿದವೇ ಎನ್ನುವುದರ ಜೊತೆಗೆ, ಏನೂ ಗದ್ದಲವಿಲ್ಲದ ದಿನ ಒಂದು ಪೇಟೆ ಇನ್ನೊಂದರಿಂದ ಎಷ್ಟು ದೂರ ನಿಂತಿತ್ತು ಎನ್ನುವುದನ್ನೂ ನೋಡಿದೆ. ಪೇಟೆಗಳು ಹತ್ತಿರ ಬಂದದ್ದು ಹೌದು, ಆದರೆ ಬಹಳ ನಿಧಾನವಾಗಿ. ಹೊಸ ನಾಣ್ಯ ಜನರ ಕೈಗೆ ಬರುವ ಮೊದಲೇ ಅದು ಶುರುವಾಗಿತ್ತು. ಪ್ಯಾರಿಸ್, ಫ್ರಾಂಕ್‌ಫರ್ಟ್, ಆಮ್‌ಸ್ಟರ್‌ಡ್ಯಾಮ್ ಖರೆವಾಗಿ ಬೆರೆತಿದ್ದವು. ಅಥೆನ್ಸ್ ಅಷ್ಟು ಹತ್ತಿರ ಎಂದೂ ಬಂದಿರಲಿಲ್ಲ, ಕಷ್ಟ ಬಂದ ಮೇಲೆ ಇನ್ನೂ ದೂರ ಸರಿಯಿತು. ಈ ಗೆರೆ ಮೊದಲಿನಷ್ಟು ಚೆಂದ ಇಲ್ಲ. ಆದರೆ ಯಾರು ಎಳೆದರೂ ಹೀಗೇ ಬರುತ್ತದೆ. ಅನಸವ್ವ ತಮ್ಮಷ್ಟಕ್ಕೆ ಎಳೆದರು. ಹಾಗೇ ಬಂತು.

ಇನ್ನು ಮೊನ್ನೆಯದು. ಹೊರಗಿನಿಂದ ಬಂದ ಪರೀಕ್ಷಕರ ಪ್ರಶ್ನೆಗಳು ಮುಗಿದು, ಸಭೆಯಲ್ಲಿ ಯಾರಾದರೂ ಕೇಳುವುದಿದ್ದರೆ ಕೇಳಬಹುದು ಎಂದಾಗ ಕೊನೆಯ ಸಾಲಿನಲ್ಲಿ ನೀನು ಎದ್ದೆ. ಸ್ವಲ್ಪ ದಪ್ಪಗಾಗಿದ್ದೀಯ, ಕನ್ನಡಕ ಬಂದಿದೆ. ಆದರೆ ಕೇಳುವಾಗ ತಲೆಯನ್ನು ಎಡಕ್ಕೆ ಓಲಿಸುವುದು ಹಾಗೇ ಇದೆ. “ಸಾದಾ ದಿನ ಯಾವುದು ಅಂತ ಆರಿಸಿದವರು ಯಾರು? ನೀವೇ ಆರಿಸಿದ್ದರೆ, ಆರಿಸುವುದರಲ್ಲಿಯೂ ತಪ್ಪು ನುಸುಳಬಹುದಲ್ಲವೇ?” ಎಂದೆ. ನನ್ನನ್ನು ‘ನೀವು’ ಎಂದು ಕರೆದದ್ದು ಚುಚ್ಚಿತು. ಆದರೂ ಅಂದಿನ ಪ್ರಶ್ನೆಗಳಲ್ಲೆಲ್ಲ ಒಳ್ಳೆಯ ಪ್ರಶ್ನೆ ಅದೇ. ನಾನು ಯಾವ ದಿನವನ್ನೂ ಆರಿಸಲಿಲ್ಲ, ಎಲ್ಲ ದಿನಗಳನ್ನೂ ಇಟ್ಟುಕೊಂಡು ಆಯಾ ದಿನದ ಏರಿಳಿತದಿಂದಲೇ ತೂಕ ಹಾಕಿದೆ ಎಂದು ಉತ್ತರ ಕೊಟ್ಟೆ. ನೀನು ತಲೆಯಾಡಿಸಿದೆ. ಕೂಡ್ರಬೇಕು ಎನ್ನುವಷ್ಟರಲ್ಲಿ ನಾನು ಉಳಿದದ್ದನ್ನು ಹೇಳಿದೆ: “ಈ ತಪ್ಪನ್ನು ಮೊದಲು ಕಂಡವರು ಈ ಪ್ರಶ್ನೆ ಕೇಳಿದ ಯಶೋಧರಾ. ಮೂರು ವರ್ಷದ ಹಿಂದೆ ಅವರು ಹೇಳಿದಾಗ ಫರಕಿಲ್ಲ ಎಂದು ನಾನು ಸುಳ್ಳು ಹೇಳಿದೆ.”

ಪರೀಕ್ಷಕರು ಪೆನ್ನು ಕೆಳಗಿಟ್ಟರು. ನನಗೆ ಪದವಿ ಹೋದರೆ ಹೋಗಲಿ ಎನಿಸಿತು, ನಿಜವಾಗಿಯೂ. ಆಗ ಸರ್ ತಮ್ಮ ಕುರ್ಚಿಯಿಂದ ಎದ್ದು ನಿಂತರು. ಅರವತ್ತರ ಹತ್ತಿರದ ಮನುಷ್ಯ, ವಿದ್ಯಾರ್ಥಿಗಳೆಲ್ಲ ಕೂತಿದ್ದರು. “ಯಶೋಧರಾ, ಅವತ್ತ ನನ್ನ ಕೋಣ್ಯಾಗ ನಾ ಆಡಿದ ಮಾತು ತಪ್ಪವ್ವಾ.” ನೀನು ಸೆರಗು ಸರಿಮಾಡಿಕೊಂಡು, “ಇರಲಿ ಬಿಡ್ರಿ ಸರ್” ಎಂದೆ.

ಪದವಿ ಕೊಡಬಹುದು ಎಂದು ಪರೀಕ್ಷಕರು ಹೇಳಿದ ಮೇಲೆ ಹೊರಗೆ ಓಡಿ ಬಂದೆ. ನೀನು ಮೆಟ್ಟಿಲು ಇಳಿಯುತ್ತಿದ್ದೆ. ತಿರುಗಿ ನೋಡಿ, “ನಿಂದ್ರಾಕ ಹೊತ್ತಿಲ್ಲ, ಬಸ್ ಹೋಗತೈತಿ. ಛಲೋ ಆತು ಬೇ” ಎಂದೆ. ನನ್ನ ಮೊಣಕೈಯನ್ನು ಒಮ್ಮೆ ಒತ್ತಿ ಹೋದೆ. ಛಲೋ ಆದದ್ದು ಏನು? ಪದವಿಯೋ, ಲೆಕ್ಕವೋ, ಸತ್ಯ ಹೊರಬಿದ್ದದ್ದೋ? ಮೂರು ದಿನದಿಂದ ಯೋಚಿಸುತ್ತಿದ್ದೇನೆ. ಯಾವುದಾದರೂ ಇರಲಿ, ‘ನೀವು’ ಬಿಟ್ಟು ಕೊನೆಗೆ ಮೊದಲಿನ ಸಲುಗೆಯಲ್ಲೇ ‘ಬೇ’ ಎಂದೆಯಲ್ಲ, ಅಷ್ಟನ್ನೇ ಹಿಡಿದುಕೊಂಡು ಬಸ್ಸು ಹತ್ತಿದೆ. ಬಸ್ಸಿನಲ್ಲಿ ಎಂಥ ನಿದ್ದೆ ಬಂತೆಂದರೆ, ಲೋಕಾಪುರದಲ್ಲಿ ಇಳಿಯಬೇಕಾದವಳನ್ನು ಕಂಡಕ್ಟರು ಎರಡು ಊರು ದಾಟಿದ ಮೇಲೆ ಎಬ್ಬಿಸಿದ. ಇಳಿದು ಒಬ್ಬಳೇ ನಕ್ಕೆ. ಮನೆಗೆ ಬಂದು ಮರುದಿನ ಮಧ್ಯಾಹ್ನದವರೆಗೆ ಮಲಗಿದೆ. ಅವ್ವ ಜ್ವರವೆಂದು ಎರಡು ಸಲ ಹಣೆ ಮುಟ್ಟಿ ನೋಡಿದಳಂತೆ.

ಮತ್ತೆ ಸಂಶೋಧನೆಗೆ ಬಾ ಎಂದು ಹೇಳುವ ಹಕ್ಕು ನನಗಿಲ್ಲ. ನಿನ್ನ ಹೆಸರನ್ನು ಮತ್ತೆ ಹಚ್ಚಲು ನಿಯಮದಲ್ಲಿ ದಾರಿ ಇದೆ ಎಂದು ಸರ್ ತಾವೇ ವಿಚಾರಿಸಿ ಬಂದಿದ್ದಾರೆ. ಅದನ್ನು ನಿನಗೆ ಮುಟ್ಟಿಸುವುದಷ್ಟೇ ನನ್ನ ಕೆಲಸ. ಬನಹಟ್ಟಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತ ನೀನು ಸುಖವಾಗಿದ್ದರೆ ಅದೂ ಕಡಿಮೆಯಲ್ಲ. ನೀನು ಪಾಠ ಮಾಡಿದ ಹುಡುಗಿಯರು ನಮ್ಮ ಕಾಲೇಜಿಗೆ ಬಂದಿದ್ದಾರೆ. ನಾನು ಬೋರ್ಡಿನ ಮೇಲೆ ಬರೆದದ್ದನ್ನು ಅವರು ಹಾಗೇ ಇಳಿಸಿಕೊಳ್ಳುವುದಿಲ್ಲ, ಕೈ ಎತ್ತಿ ಕೇಳುತ್ತಾರೆ. ಹೋದ ವಾರ ಒಬ್ಬಳು ನನ್ನದೊಂದು ತಪ್ಪು ಹಿಡಿದಳು. ಸರಿ ಐತವ್ವಾ, ಎಂದು ಅಳಿಸಿದೆ.

ಹೊಳೆಪ್ಪ ಕಾಕಾಗೆ, ನಿಮ್ಮವ್ವನಿಗೆ ನನ್ನ ಶರಣು ಹೇಳು. ನಿನಗೆ ಮಗಳು ಹುಟ್ಟಿದ್ದಾಳೆಂದು ಕೇಳಿದೆ. ಅವಳು ನಿನ್ನಂತೆ ಕಂಡದ್ದನ್ನು ಕಂಡಂತೆ ಹೇಳುವವಳಾಗಲಿ. ಹಾಗೆ ಹೇಳಿದ ದಿನ, ಕೋಣೆಯಲ್ಲಿ ಅವಳ ಪಕ್ಕ ಕೂತವರಲ್ಲಿ ಒಬ್ಬರಾದರೂ “ಹೌದು, ನಾನೂ ನೋಡೇನಿ, ಆಕಿ ಹೇಳಿದ್ದು ಖರೆ” ಎನ್ನಲಿ.

ಅಂದು ಹಾಗೆ ಎನ್ನದೆ ಕೂತಿದ್ದ,
ರೇಷ್ಮಾ